ತೂಕದ ಜೊತೆ ತಲೆಯನ್ನೂ ಅಳೆಯಿರಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: 32 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಆಸ್ಪತ್ರೆಯಲ್ಲೂ ಮನೆಗೆ ಹೋದ ಮೇಲೂ ಗಮನಿಸುವ ವ್ಯವಸ್ಥೆ ಕೋರಿ

ಮಾನ್ಯರೇ,

ಬಸಿರಿನ 28 ವಾರಕ್ಕೇ ಹುಟ್ಟಿದ ಕೂಸು ಆರೇಳು ವಾರ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಅಂದರೆ ಎಸ್‌ಎನ್‌ಸಿಯುನಲ್ಲಿದ್ದು, ಬದುಕಿ, ಮನೆಗೆ ಹೊರಡುವಾಗ ತಾಯಿಯ ಕೈಗೆ ಒಂದು ಡಿಸ್ಚಾರ್ಜ್ ಚೀಟಿ ಬರುತ್ತದೆ. ಹುಟ್ಟಿದಾಗ 1,050 ಗ್ರಾಂ, ಹೊರಡುವಾಗ 1,750 ಗ್ರಾಂ, ಇಂಥಿಂಥ ಆಂಟಿಬಯೋಟಿಕ್ ಇಷ್ಟು ದಿನ, ಕಾಮಾಲೆಗೆ ಇಷ್ಟು ದಿನ ಬೆಳಕು. ಎಲ್ಲವೂ ಇರುತ್ತದೆ. ತಲೆಯ ಸುತ್ತಳತೆ ಎಂಬ ಸಾಲಿನ ಮುಂದೆ ಮಾತ್ರ ಬಹಳಷ್ಟು ಸಲ ಏನೂ ಇರುವುದಿಲ್ಲ. ಇದ್ದರೆ ಹುಟ್ಟಿದ ದಿನದ ಒಂದೇ ಒಂದು ಅಂಕಿ. ನಡುವಿನ ಆರೇಳು ವಾರ ಆ ತಲೆ ಎಷ್ಟು ಬೆಳೆಯಿತು ಎಂಬುದಕ್ಕೆ ದಾಖಲೆಯೇ ಇಲ್ಲ.

ನವಜಾತ ಶಿಶುಗಳ ಘಟಕಗಳಲ್ಲಿ ಮತ್ತು ಅಲ್ಲಿಂದ ಹೊರಬಂದ ಮಕ್ಕಳ ಚಿಕಿತ್ಸೆಯಲ್ಲಿ ದಿನವೂ ಕೆಲಸ ಮಾಡುವ ನಾವು ಈ ಪತ್ರವನ್ನು ಆ ಖಾಲಿ ಜಾಗದ ಬಗ್ಗೆ ಬರೆಯುತ್ತಿದ್ದೇವೆ. ಯಾವುದೇ ಒಂದು ಆಸ್ಪತ್ರೆಯನ್ನೋ ಸಿಬ್ಬಂದಿಯನ್ನೋ ದೂರುವುದು ನಮ್ಮ ಉದ್ದೇಶವಲ್ಲ. ಒಬ್ಬ ನರ್ಸ್ ರಾತ್ರಿ ಪಾಳಿಯಲ್ಲಿ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆಂದು ಚೆನ್ನಾಗಿ ಬಲ್ಲವರು ನಾವು. ಕೇಳದಿರುವ ಅಂಕಿಯನ್ನು ಯಾರೂ ಬರೆಯುವುದಿಲ್ಲ. ಅದನ್ನು ಕೇಳಬೇಕಾದವರು ತಾವು.

ಈ ಅಂಕಿ ಯಾಕೆ ಅಷ್ಟು ಮುಖ್ಯ ಎಂದು ಮೊದಲು ಹೇಳುತ್ತೇವೆ. 24 ವಾರದ ಭ್ರೂಣದ ಮಿದುಳಿನ ಮೇಲ್ಮೈ ಹೆಚ್ಚುಕಡಿಮೆ ನಯವಾಗಿರುತ್ತದೆ. ಅಕ್ರೋಟ್ ತಿರುಳಿನಂತೆ ಕಾಣುವ ಮಡಿಕೆಗಳೆಲ್ಲ ಮೂಡುವುದು ಅಲ್ಲಿಂದ 40 ವಾರದೊಳಗೆ. 28 ವಾರದಲ್ಲಿ ಮಿದುಳಿನ ತೂಕ ತುಂಬುತಿಂಗಳ ಕೂಸಿನ ಮಿದುಳಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. 34 ವಾರಕ್ಕೂ ಅದು ಮೂರನೇ ಎರಡರಷ್ಟೇ. ಕಿರುಮಿದುಳು ಅತಿ ವೇಗವಾಗಿ ಬೆಳೆಯುವುದೂ ಈ ಕೊನೆಯ ಮೂರು ತಿಂಗಳಲ್ಲೇ. ಅಂದರೆ ಕತ್ತಲಲ್ಲಿ, ಬೆಚ್ಚಗೆ, ತಾಯಿಯ ರಕ್ತದಿಂದ ಪೋಷಣೆ ಪಡೆಯುತ್ತ ಆಗಬೇಕಿದ್ದ ಕೆಲಸವೆಲ್ಲ ನಮ್ಮ ವಾರ್ಮರ್‌ಗಳ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಅಲಾರಂಗಳ ಸದ್ದಿನಲ್ಲಿ ನಡೆಯಬೇಕು. 28 ವಾರಕ್ಕೆ ಸುಮಾರು 26 ಸೆಂಟಿಮೀಟರ್ ಇರುವ ತಲೆ, ತುಂಬುತಿಂಗಳ ಹೊತ್ತಿಗೆ 34–35 ಆಗಬೇಕು. ಲೆಕ್ಕ ಹಾಕಿದರೆ ವಾರಕ್ಕೆ ಮುಕ್ಕಾಲು ಸೆಂಟಿಮೀಟರಿನ ಹತ್ತಿರ. ಎಂಆರ್‌ಐ ಇಲ್ಲದ ಊರಿನಲ್ಲೂ ಮಿದುಳು ಬೆಳೆಯುತ್ತಿದೆಯೇ ಎಂದು ಹೇಳಬಲ್ಲ ಸಾಧನ ಒಂದು ಟೇಪು.

ಆದರೆ ಆ ಟೇಪನ್ನು ಸರಿಯಾಗಿ ಹಿಡಿಯಬೇಕು. ಹೊಲಿಗೆಯವರ ಬಟ್ಟೆಯ ಟೇಪು ಬಳಸಿ ಬಳಸಿ ಹಿಗ್ಗುತ್ತದೆ. ಅದರಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಒಂದು ವಾರದ ಬೆಳವಣಿಗೆಯ ಬಹುಪಾಲು ಮಾಯವಾದಂತೆ. ಹಿಗ್ಗದ, ಮಿಲಿಮೀಟರ್ ಗೆರೆಯಿರುವ ಟೇಪು ಬೇಕು. ಮುಂದೆ ಹುಬ್ಬಿನ ಮೇಲ್ಭಾಗ, ಪಕ್ಕದಲ್ಲಿ ಕಿವಿಯ ಮೇಲ್ಗಡೆ, ಹಿಂದೆ ತಲೆಬುರುಡೆ ಅತಿ ಹೆಚ್ಚು ಉಬ್ಬಿರುವ ಜಾಗ, ಹೀಗೆ ಸುತ್ತಿ ಮೂರು ಸಲ ಅಳೆದು ಅತಿ ದೊಡ್ಡ ಅಂಕಿಯನ್ನು ಬರೆಯಬೇಕು. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಸಾಧನದ ಟೊಪ್ಪಿಯ ಮೇಲಿಂದ ಅಳೆದದ್ದು ಅಳತೆಯಲ್ಲ. ಹುಟ್ಟಿದ ಮೊದಲ ದಿನ ತಲೆಯ ಚರ್ಮ ಬಾತಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಅಳೆಯಬೇಕು. ವಾರಕ್ಕೊಂದು ದಿನ ಗೊತ್ತುಮಾಡಿ, ಆದಷ್ಟೂ ಅದೇ ಕೈ ಅಳೆದರೆ ಒಳ್ಳೆಯದು.

ಅಂಕಿ ಬರೆದರೆ ಸಾಲದು, ಚಾರ್ಟಿನ ಮೇಲೆ ಚುಕ್ಕೆ ಬೀಳಬೇಕು. ದಿನ ತುಂಬದ ಮಕ್ಕಳಿಗೆಂದೇ ಫೆಂಟನ್ ಚಾರ್ಟ್ ಇದೆ, ಇಂಟರ್‌ಗ್ರೋತ್-21 ಚಾರ್ಟ್ ಇದೆ. ಎರಡನೆಯದನ್ನು ರೂಪಿಸಿದ ಅಧ್ಯಯನಕ್ಕೆ ನಮ್ಮ ಪಕ್ಕದ ರಾಜ್ಯದ ನಾಗಪುರವೂ ಒಂದು ಕೇಂದ್ರವಾಗಿತ್ತು. ಎರಡೂ ಉಚಿತ. ತೂಕದ ಗೆರೆ ಮತ್ತು ತಲೆಯ ಗೆರೆಯನ್ನು ಒಟ್ಟಿಗೆ ಓದಿದಾಗಲೇ ವಿಷಯ ತಿಳಿಯುವುದು. ಎರಡೂ ಮಲಗಿದರೆ ಹಾಲು ಸಾಲುತ್ತಿಲ್ಲ, ಇಲ್ಲವೇ ಸೋಂಕು. ತೂಕ ಏರಿ ತಲೆ ನಿಂತಿದ್ದರೆ, ಹೊಟ್ಟೆಗೆ ಹೋಗುತ್ತಿರುವುದರಲ್ಲಿ ಪ್ರೋಟೀನ್ ಕಡಿಮೆಯೇ ಅಥವಾ ಮಿದುಳಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಬೇಕು. ತಲೆ ಮಾತ್ರ ವಾರಕ್ಕೆ ಒಂದೂಕಾಲು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುತ್ತಿದ್ದರೆ ಒಳಗೆ ನೀರು ತುಂಬುತ್ತಿರಬಹುದು. ಕಾಯಿಲೆಯಿಂದ ಚೇತರಿಸಿಕೊಂಡ ಕೂಸಿನ ತಲೆಯೂ ಕೆಲವು ವಾರ ಜೋರಾಗಿ ಬೆಳೆಯುವುದುಂಟು. ಯಾವುದು ಯಾವುದೆಂದು ತೀರ್ಮಾನಿಸಲು ನೆತ್ತಿಯ ಸ್ಕ್ಯಾನ್, ಅಂದರೆ ನೆತ್ತಿಯ ಮೆತ್ತನೆಯ ಜಾಗದ ಮೂಲಕ ಮಿದುಳನ್ನು ನೋಡುವ ಅಲ್ಟ್ರಾಸೌಂಡ್, ಬೇಕು.

ಆ ಸ್ಕ್ಯಾನಿನ ವಿಷಯದಲ್ಲಿ ನಮ್ಮ ದೊಡ್ಡ ಅಹವಾಲಿದೆ. 34 ವಾರದೊಳಗಿನ ಮಕ್ಕಳ ಮಿದುಳಿನಲ್ಲಿ, ವೆಂಟ್ರಿಕಲ್ ಎನ್ನುವ ನೀರಿನ ಕುಹರಗಳ ಅಂಚಿನಲ್ಲಿ, ಬಹಳ ನಾಜೂಕಾದ ರಕ್ತನಾಳಗಳ ಒಂದು ಪದರವಿರುತ್ತದೆ. ರಕ್ತದೊತ್ತಡ ಏರಿಳಿದರೆ, ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆಯಾದರೆ ಅದು ಒಡೆದು ರಕ್ತ ಒಸರುತ್ತದೆ. ಬಹುಪಾಲು ರಕ್ತಸ್ರಾವ ಹುಟ್ಟಿದ ಮೊದಲ 72 ಗಂಟೆಯೊಳಗೇ ಆಗುತ್ತದೆ. ಇನ್ನೊಂದು ಹಾನಿ ಸದ್ದಿಲ್ಲದ್ದು: ನರತಂತುಗಳಿಗೆ ಹೊದಿಕೆ ನೇಯಬೇಕಾದ ಎಳೆಯ ಕೋಶಗಳು ರಕ್ತ ಸಾಲದೆ, ಸೋಂಕಿನ ಉರಿಯಿಂದ ಸಾಯುತ್ತವೆ. ಕಾಲಿನ ಸ್ನಾಯುಗಳಿಗೆ ಹೋಗುವ ತಂತುಗಳು ಆ ಜಾಗದಲ್ಲೇ ಹಾಯುವುದರಿಂದ ಈ ಮಕ್ಕಳಲ್ಲಿ ಮೊದಲು ಬಿಗಿಯುವುದು ಕಾಲು. ಈ ಹಾನಿಯ ಗುಳ್ಳೆಗಳು ಸ್ಕ್ಯಾನಿನಲ್ಲಿ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದ ಮೂರನೇ ದಿನದ ಒಂದೇ ಸ್ಕ್ಯಾನ್ ಮಾಡಿ 'ನಾರ್ಮಲ್' ಎಂದು ಬರೆದು ಕಡತ ಮುಚ್ಚಿದರೆ ಅರ್ಧ ಸತ್ಯವನ್ನು ಬರೆದಂತೆ. ಮೊದಲ ವಾರ ಒಮ್ಮೆ, ನಾಲ್ಕರಿಂದ ಆರನೇ ವಾರದ ನಡುವೆ ಒಮ್ಮೆ, ತುಂಬುತಿಂಗಳ ದಿನಾಂಕದ ಸುಮಾರಿಗೆ ಮತ್ತೊಮ್ಮೆ ನೋಡಲೇಬೇಕು. ಜೋರು ರಕ್ತಸ್ರಾವ ಆಗಿರುವ ಕೂಸಿಗೆ ವಾರಕ್ಕೊಮ್ಮೆಯಾದರೂ ಬೇಕು. ಕುಹರ ಹಿಗ್ಗಿದ ಎಷ್ಟೋ ದಿನಗಳ ಮೇಲೆ ತಲೆಯ ಅಳತೆ ಹಿಗ್ಗುತ್ತದೆ. ಅಷ್ಟರಲ್ಲಿ ಒಳಗಿನ ಮೆತ್ತನೆಯ ಮಿದುಳು ಒತ್ತಿಹೋಗಿರುತ್ತದೆ.

ಈಗ ಆಗುತ್ತಿರುವುದೇನು? ಸ್ಕ್ಯಾನಿಂಗ್ ಯಂತ್ರ ರೇಡಿಯಾಲಜಿ ವಿಭಾಗದಲ್ಲಿರುತ್ತದೆ. ಒಂದು ಕಿಲೋ ತೂಗದ, ಆಮ್ಲಜನಕದ ಮೇಲಿರುವ ಕೂಸನ್ನು ವಾರ್ಮರಿನಿಂದ ಎತ್ತಿ ಕಾರಿಡಾರ್ ದಾಟಿಸಿ ಅಲ್ಲಿಗೆ ಒಯ್ಯುವಂತಿಲ್ಲ. ಒಯ್ದರೆ ಮೈ ತಣ್ಣಗಾಗುತ್ತದೆ, ಅಲುಗಾಟಕ್ಕೇ ರಕ್ತಸ್ರಾವ ಹೆಚ್ಚಬಹುದು. ಯಂತ್ರವನ್ನು ಘಟಕಕ್ಕೆ ತರೋಣವೆಂದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿ-ಪಿಎನ್‌ಡಿಟಿ ಕಾಯ್ದೆಯಡಿ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಅದನ್ನಿಡುವ ಜಾಗ ಬದಲಿಸಲು ಅನುಮತಿ ಬೇಕು. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಈ ಕಾಯ್ದೆ ಇನ್ನಷ್ಟು ಬಿಗಿಯಾಗಲಿ ಎನ್ನುವವರೇ ನಾವೆಲ್ಲ. ಆದರೆ ನಾವು ನೋಡಬೇಕಿರುವುದು ಹುಟ್ಟಿಯಾಗಿರುವ ಕೂಸಿನ ನೆತ್ತಿಯನ್ನು. ಪ್ರತಿ ಜಿಲ್ಲೆಯ ಎಸ್‌ಎನ್‌ಸಿಯುಗೆ ಒಂದು ಯಂತ್ರವನ್ನು ಆ ಕೋಣೆಯ ಹೆಸರಿನಲ್ಲೇ ನೋಂದಾಯಿಸಿ, ನೆತ್ತಿಗೆ ಒಪ್ಪುವ ಚಿಕ್ಕ ಪ್ರೋಬ್ ಒಂದನ್ನು ಮಾತ್ರ ಕೊಟ್ಟು, ಬಳಕೆಯ ರಿಜಿಸ್ಟರ್ ಇಡಲು ಜಿಲ್ಲಾ ಪ್ರಾಧಿಕಾರಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಕಾಯ್ದೆಗೂ ಕುಂದಿಲ್ಲ, ಮಕ್ಕಳಿಗೂ ಅನುಕೂಲ. ಇದು ನಮ್ಮ ಮೊದಲ ಕೋರಿಕೆ.

'ಸ್ಕ್ಯಾನ್ ಓದುವವರು ಜಿಲ್ಲೆಯಲ್ಲಿ ಎಲ್ಲಿದ್ದಾರೆ' ಎಂದು ಅಧಿಕಾರಿಗಳು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ ಶುರುಮಾಡಿದ ಕಿಡ್‌ರಾಪ್ ಯೋಜನೆಯನ್ನು ನೆನಪಿಸಿಕೊಳ್ಳಿ. ದಿನ ತುಂಬದ ಮಕ್ಕಳ ಅಕ್ಷಿಪಟಲದ ಕಾಯಿಲೆ, ಅಂದರೆ ಆರ್‌ಒಪಿ, ಸಕಾಲದಲ್ಲಿ ಪತ್ತೆಯಾಗದಿದ್ದರೆ ಮಗು ಕುರುಡಾಗುತ್ತದೆ. ಅದನ್ನು ನೋಡುವ ತಜ್ಞರು ಊರೂರಲ್ಲಿ ಇಲ್ಲ. ಹಾಗಾಗಿ ತರಬೇತಿ ಪಡೆದ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಯ ಘಟಕಗಳಿಗೆ ಹೋಗಿ ಚಿತ್ರ ತೆಗೆದರು, ತಜ್ಞರು ದೂರದಿಂದಲೇ ನೋಡಿ ತೀರ್ಮಾನ ಹೇಳಿದರು. ಸರ್ಕಾರವೂ ಕೈಜೋಡಿಸಿತು. ಇಂದು 34 ವಾರದೊಳಗೆ ಅಥವಾ ಎರಡು ಕಿಲೋದೊಳಗೆ ಹುಟ್ಟಿದ ಮಗುವಿಗೆ 30 ದಿನ ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಆಗಬೇಕೆಂಬುದು ಘಟಕದ ಹೊಸ ನರ್ಸ್‌ಗೂ ಗೊತ್ತು. ಕಣ್ಣಿಗೆ ಕಟ್ಟಿದ ಈ ದಾರಿಯಲ್ಲೇ ಮಿದುಳಿನ ಚಿತ್ರವೂ ಹೋಗಬಹುದು. ಮಕ್ಕಳು ಅವೇ, ಘಟಕಗಳೂ ಅವೇ, ವಯಸ್ಸೂ ಅದೇ. ನೆತ್ತಿಯ ಮೇಲೆ ಪ್ರೋಬ್ ಇಟ್ಟು ಗೊತ್ತುಪಡಿಸಿದ ಕೋನಗಳಲ್ಲಿ ಚಿತ್ರ ತೆಗೆಯುವುದನ್ನು ಘಟಕದ ವೈದ್ಯರಿಗೆ ಕಲಿಸಬಹುದು. ಓದುವವರು ವೈದ್ಯಕೀಯ ಕಾಲೇಜಿನಲ್ಲಿರಲಿ.

ಪತ್ತೆಹಚ್ಚುವುದಕ್ಕಿಂತ ತಡೆಯುವುದು ಹೆಚ್ಚು ಫಲ ಕೊಡುತ್ತದೆ, ಅದರ ಖರ್ಚೂ ಕಡಿಮೆ. ಹೆರಿಗೆ ಬೇಗ ಆಗುವ ಸೂಚನೆ ಕಂಡ ತಾಯಿಗೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಚುಚ್ಚುಮದ್ದನ್ನು 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುವುದರಿಂದ ಕೂಸಿನ ಶ್ವಾಸಕೋಶ ಬಲಿಯುವುದಷ್ಟೇ ಅಲ್ಲ, ಮಿದುಳಿನ ರಕ್ತಸ್ರಾವವೂ ತಗ್ಗುತ್ತದೆ. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಐದು ದೇಶಗಳ ಅಧ್ಯಯನ ಇದರಿಂದ ಶಿಶುಮರಣ ಇಳಿಯುವುದನ್ನು ತೋರಿಸಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು. ಒಂದು ಷರತ್ತಿದೆ, ಬಸಿರಿನ ವಾರ ಖಚಿತವಾಗಿ ಗೊತ್ತಿರಬೇಕು. ಮುಟ್ಟಿನ ದಿನಾಂಕ ನೆನಪಿಲ್ಲದ, ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗದ ತಾಯಿಯ ವಿಷಯದಲ್ಲಿ 30 ವಾರವೋ 35 ವಾರವೋ ಎಂದು ಊಹಿಸುತ್ತ ಕೂರಬೇಕಾಗುತ್ತದೆ. ಹಾಗಾಗಿ ಕೂಸಿನ ಮಿದುಳಿನ ಆರೈಕೆ ನಿಜಕ್ಕೂ ಆರಂಭವಾಗುವುದು ಮೂರನೇ ತಿಂಗಳೊಳಗಿನ ಆ ಸ್ಕ್ಯಾನಿನಿಂದ. 32 ವಾರದೊಳಗೆ ಹೆರಿಗೆ ಖಚಿತವಾದರೆ ತಾಯಿಗೆ ಮೆಗ್ನೀಶಿಯಂ ಸಲ್ಫೇಟ್ 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. ಇದು ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆ ಕುಂದುವ ತೊಂದರೆ, ಬರುವ ಅಪಾಯವನ್ನು ಇಳಿಸುತ್ತದೆ. ಬಸಿರಿನಲ್ಲಿ ರಕ್ತದೊತ್ತಡ ತೀರಾ ಏರಿದ ತಾಯಿಗೆ ಫಿಟ್ಸ್ ಬಾರದಂತೆ ಕೊಡಲು ಈ ಔಷಧಿ ಹೆರಿಗೆ ಕೋಣೆಗಳಲ್ಲಿ ಈಗಾಗಲೇ ಇದೆ. ಕೂಸಿನ ಮಿದುಳಿಗಾಗಿಯೂ ಅದನ್ನು ಕೊಡಬೇಕೆಂಬ ಸಾಲು ಹೆರಿಗೆ ಕೋಣೆಯ ಗೋಡೆಯ ಮೇಲೆ ಇಲ್ಲ. ಸಾಧ್ಯವಿದ್ದಾಗಲೆಲ್ಲ ಕೂಸು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು; ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಕುಲುಕುತ್ತ ಹೋಗುವ ಕೂಸಿನ ಮಿದುಳಿಗೆ ಅಪಾಯ ಹೆಚ್ಚು.

ಹುಟ್ಟಿದ ಕೂಡಲೇ ಅಳುವ ಕೂಸಿನ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷ ಬಿಟ್ಟು ಕಟ್ಟುವುದು, ಮೈ ಬಿಸಿ 36.5ರಿಂದ 37.5 ಡಿಗ್ರಿಯೊಳಗೆ ಇಡುವುದು, ಮೊದಲ ಮೂರು ದಿನ ತಲೆಯನ್ನು ನಟ್ಟನಡುವೆ ನೇರವಾಗಿಟ್ಟು ಆದಷ್ಟು ಕಡಿಮೆ ಮುಟ್ಟುವುದು, ದ್ರವವನ್ನು ಒಮ್ಮೆಲೇ ತಳ್ಳದಿರುವುದು, ಸಕ್ಕರೆ ಇಳಿಯದಂತೆ ನೋಡುವುದು: ಇವಕ್ಕೆ ಹೊಸ ಯಂತ್ರ ಬೇಡ, ಸಾಕಷ್ಟು ನರ್ಸ್‌ಗಳು ಬೇಕು.

ಹಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1,100 ಗ್ರಾಂ ಕೂಸಿಗೆ ಕಿಲೋಗೆ 150ರಿಂದ 180 ಮಿಲಿಲೀಟರ್ ಲೆಕ್ಕದಲ್ಲಿ ದಿನಕ್ಕೆ 165ರಿಂದ 200 ಮಿಲಿಲೀಟರ್ ಹಾಲು ಬೇಕು. ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 14–17 ಮಿಲಿಲೀಟರ್. ತಾಯಿಯ ಹಾಲಿಗಿಂತ ಮಿಗಿಲಾದದ್ದು ಇಲ್ಲ. ಅದು ಕರುಳು ಕೊಳೆಯುವ ಎನ್‌ಇಸಿ ಕಾಯಿಲೆಯನ್ನು ತಗ್ಗಿಸುತ್ತದೆ. ಆ ಕಾಯಿಲೆಯಿಂದ ಉಳಿದ ಮಕ್ಕಳ ಮಿದುಳೂ ಹಿಂದೆ ಬೀಳುವುದನ್ನು ಕಾಣುತ್ತೇವೆ. ಆದರೆ ಕೆಲ ವಾರಗಳಲ್ಲಿ ತಾಯಿಹಾಲಿನ ಪ್ರೋಟೀನ್ ಇಳಿಯುತ್ತದೆ. ಒಂದೂವರೆ ಕಿಲೋದೊಳಗಿನ ಕೂಸಿಗೆ ದಿನಕ್ಕೆ ಪ್ರತಿ ಕಿಲೋಗೆ ಮೂರೂವರೆಯಿಂದ ನಾಲ್ಕು ಗ್ರಾಂ ಪ್ರೋಟೀನ್ ಬೇಕು, ಬರಿಯ ಹಾಲಿನಿಂದ ಅಷ್ಟು ಸಿಗುವುದಿಲ್ಲ. ಅದಕ್ಕೇ ಹಾಲಿಗೆ ಬೆರೆಸುವ ಫೋರ್ಟಿಫೈಯರ್ ಪುಡಿ. ಈ ಪ್ಯಾಕೆಟ್ ಮುಗಿದಾಗ ಹೊರಗಿನ ಅಂಗಡಿಯಿಂದ ತನ್ನಿ ಎಂದು ಚೀಟಿ ಬರೆಯಲಾಗುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತ ಅಪ್ಪ ಒಂದು ವಾರ ತರುತ್ತಾನೆ, ಎರಡನೇ ವಾರ ತರಲಾರ. ತಲೆಯ ಗೆರೆ ಮಲಗುವುದು ಆಗಲೇ. ಈ ಪುಡಿ, ಉಸಿರು ನಿಲ್ಲದಂತೆ ಕೊಡುವ ಕೆಫೀನ್ ಸಿಟ್ರೇಟ್, ಕಬ್ಬಿಣದ ಹನಿ, ವಿಟಮಿನ್ ಡಿ ಹನಿ, ನಾಲ್ಕನ್ನೂ ಎಸ್‌ಎನ್‌ಸಿಯುಗಳ ಖಾಯಂ ಔಷಧಿ ಪಟ್ಟಿಗೆ ಸೇರಿಸಿ, ಎಂದೂ ಖಾಲಿಯಾಗದಂತೆ ನೋಡಿಕೊಳ್ಳಿ. ಇದು ಎರಡನೆಯ ಕೋರಿಕೆ.

ಅದಕ್ಕೆ ಹೊಂದಿಕೊಂಡದ್ದು ತಾಯಿಗೆ ಹಾಸಿಗೆ. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ತಾಗಿಸಿಡುವ ಕಾಂಗರೂ ಆರೈಕೆಯ ಬಗ್ಗೆ ಭಾರತವೂ ಭಾಗಿಯಾಗಿದ್ದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗವಚಿಕೊಂಡ ಮಕ್ಕಳಲ್ಲಿ ಸಾವು ಕಾಲು ಭಾಗದಷ್ಟು ಇಳಿಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಎಂದು ಹೇಳಿತು. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನ ನಡೆದಿದೆ, ಹೇಗೆ ಮಾಡಬಹುದೆಂಬ ಅನುಭವ ನಮ್ಮಲ್ಲೇ ಇದೆ. ಆದರೆ ಸಿಸೇರಿಯನ್ ಆದ ಬಾಣಂತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಂಟು ಗಂಟೆ ಕೂರಲಾರಳು. ಒರಗುವ ಕುರ್ಚಿ, ಊಟ, ಘಟಕದ ಒಳಗೇ ಮಂಚ ಇದ್ದರೆ ಆಕೆ ಎದೆಯ ಮೇಲೆ ಕೂಸನ್ನಿಟ್ಟುಕೊಳ್ಳುತ್ತಾಳೆ, ಹಾಲೂ ಹೆಚ್ಚುತ್ತದೆ, ಕೂಸು ಆಳವಾಗಿ ನಿದ್ದೆ ಮಾಡುತ್ತದೆ. ಎಳೆಯ ಮಿದುಳು ಬೆಳೆಯಲು ಆ ನಿದ್ದೆ ಬೇಕೇ ಬೇಕು. ಹಿಮ್ಮಡಿ ಚುಚ್ಚುವಾಗಲೂ ತಾಯಿಯ ಎದೆಗೆ ತಾಗಿದ್ದರೆ ನೋವು ಕಡಿಮೆ. ನೋವಿನ ಚುಚ್ಚುಗಳ ಲೆಕ್ಕ ಏರಿದಷ್ಟೂ ಈ ಮಕ್ಕಳ ಮಿದುಳಿನ ಬೆಳವಣಿಗೆ ಕುಗ್ಗುವುದು ಅಧ್ಯಯನಗಳಲ್ಲಿ ಕಂಡಿದೆ.

ಇನ್ನು ಮನೆಗೆ ಹೋದ ಮೇಲಿನ ಮಾತು. ಎಲ್ಲಕ್ಕಿಂತ ಹೆಚ್ಚು ಮಕ್ಕಳನ್ನು ನಾವು ಕಳೆದುಕೊಳ್ಳುತ್ತಿರುವುದು ಇಲ್ಲಿ. ಸಾವಿನಿಂದಲ್ಲ, ವಿಳಾಸ ತಪ್ಪಿ. ಬಾಣಂತಿ ತವರಿಗೆ ಹೋಗುತ್ತಾಳೆ. ತಾಯಿ ಕಾರ್ಡ್ ಗಂಡನ ಊರಿನದು, ಕೂಸು ಇರುವುದು ಇನ್ನೊಂದು ತಾಲೂಕಿನಲ್ಲಿ, ಎಷ್ಟೋ ಸಲ ಇನ್ನೊಂದು ಜಿಲ್ಲೆಯಲ್ಲಿ. ಇಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದೆ, ಕೂಸಿಲ್ಲ. ಅಲ್ಲಿನ ಆಶಾಳ ಪಟ್ಟಿಯಲ್ಲಿ ಹೆಸರೇ ಇಲ್ಲ. ಆಶಾ ಭೇಟಿಗಳು 3, 7, 14, 21, 28, 42ನೇ ದಿನವೆಂದು ಹುಟ್ಟಿದ ದಿನದಿಂದ ಎಣಿಕೆಯಾಗುತ್ತವೆ. ಏಳು ವಾರ ಘಟಕದಲ್ಲೇ ಇದ್ದ ಕೂಸು ಮನೆ ಸೇರುವಾಗ ಆ ದಿನಗಳೆಲ್ಲ ಕಳೆದಿರುತ್ತವೆ. 32 ವಾರದೊಳಗೆ ಹುಟ್ಟಿದ ಮಕ್ಕಳಿಗೆ ಎಣಿಕೆ ಡಿಸ್ಚಾರ್ಜ್ ದಿನದಿಂದ ಮತ್ತೆ ಶುರುವಾಗಲಿ. ಘಟಕದವರು ಕೂಸು ನಿಜವಾಗಿ ಹೋಗುವ ಊರಿನ ಆಶಾಗೆ ಫೋನ್ ಮಾಡಿಯೇ ಕಳಿಸಲಿ. ಆ ಭೇಟಿಗೆ ಅವರಿಗೆ ಹೆಚ್ಚಿನ ಪ್ರೋತ್ಸಾಹಧನ ಸಿಗಲಿ. ಅವರ ಚೀಲದಲ್ಲಿ ತಕ್ಕಡಿ, ಥರ್ಮಾಮೀಟರಿನ ಜೊತೆ ಹಿಗ್ಗದ ಟೇಪೂ ಇರಲಿ. ಇದು ಮೂರನೆಯದು.

ತಿದ್ದಿದ ವಯಸ್ಸಿನ, ಅಂದರೆ ಹುಟ್ಟಬೇಕಿದ್ದ ದಿನದಿಂದ ಎಣಿಸುವ ವಯಸ್ಸಿನ, ಗೊಂದಲವನ್ನೂ ನಿವಾರಿಸಬೇಕು. 28 ವಾರಕ್ಕೆ ಹುಟ್ಟಿದ ಮಗು 12 ವಾರ ಮುಂಚೆ ಬಂದಿದೆ. ಹುಟ್ಟಿ ಆರು ತಿಂಗಳಾದಾಗ ಅದರ ಮಿದುಳಿನ ವಯಸ್ಸು ಮೂರು ತಿಂಗಳಷ್ಟೇ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ. ಬೆಳವಣಿಗೆ ನೋಡಲು ಎರಡು ವರ್ಷದವರೆಗೂ ತಿದ್ದಿದ ವಯಸ್ಸು. ಇದು ಗೊತ್ತಿಲ್ಲದೆ ಸುಖವಾಗಿರುವ ಮಗುವನ್ನು 'ಹಿಂದಿದೆ' ಎಂದು ಹೆದರಿಸುತ್ತಾರೆ. ಇನ್ನೊಂದು ಕಡೆ, ನಿಜಕ್ಕೂ ಹಿಂದಿರುವ ಮಗುವನ್ನು 'ದಿನ ತುಂಬದ್ದಲ್ವಾ, ನಿಧಾನಕ್ಕೆ ಸರಿಹೋಗುತ್ತೆ, ಅವರಪ್ಪನೂ ತಡವಾಗೇ ನಡೆದಿದ್ದು' ಎಂದು ಕೂರಿಸಿಕೊಳ್ಳುತ್ತಾರೆ. ತಿದ್ದಿದ ವಯಸ್ಸಿಗೆ ನಾಲ್ಕು ತಿಂಗಳಾದರೂ ಹೆಬ್ಬೆರಳು ಮುಷ್ಟಿಯೊಳಗೇ ಇದ್ದರೆ, ಎತ್ತಿದಾಗ ಕಾಲು ಕತ್ತರಿಯಂತೆ ಹೆಣೆದುಕೊಂಡರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿದರೆ ಕಾಯಬಾರದು. ಬಿಗಿದ ಕಾಲಿನ ಮಗು ತುದಿಬೆರಳ ಮೇಲೆ ನೆಟ್ಟಗೆ ನಿಂತಾಗ ಮನೆಯವರು 'ಆಗಲೇ ನಿಲ್ಲುತ್ತೆ' ಎಂದು ಸಂಭ್ರಮಿಸುತ್ತಾರೆ. ಈ ಸಂಭ್ರಮವನ್ನು ಮುರಿಯುವುದು ನಮಗೂ ಕಷ್ಟ.

ನೆತ್ತಿಗೆ ಹರಳೆಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯನ್ನು ನಾವು ಎದುರಾಳಿಯೆಂದು ನೋಡುವುದನ್ನು ಬಿಡಬೇಕು. ಕೂಸಿನ ನೆತ್ತಿಯನ್ನು ದಿನವೂ ಮುಟ್ಟುವ ಕೈ ಅದೊಂದೇ. ಕೂಸು ಅಳದೆ ನೆಟ್ಟಗೆ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಕಣ್ಣುಗುಡ್ಡೆ ಕೆಳಗೇ ಇಳಿದಿದ್ದರೆ ಅಂದೇ ಆಸ್ಪತ್ರೆಗೆ ತನ್ನಿ ಎಂದು ಡಿಸ್ಚಾರ್ಜ್ ದಿನ ಅಜ್ಜಿಗೂ ಕೂರಿಸಿ ಹೇಳಿಕೊಡಬೇಕು. ತಲೆ ದುಂಡಗಾಗಲೆಂದು ಒತ್ತುವುದು ಬೇಡ, ಎರಡು ಕಿಲೋ ತುಂಬದ ಕೂಸಿಗೆ ದಿನವೂ ಎರೆಯುವುದು ಬೇಡ, ಸಾಂಬ್ರಾಣಿ ಹೊಗೆ ಬೇಡವೇ ಬೇಡ. ಎಳೆಯ ಶ್ವಾಸಕೋಶ ತಾಳುವುದಿಲ್ಲ. ಹೀಗೆ ಹೇಳುವ ಒಂದು ಪುಟದ ಕನ್ನಡ ಹಾಳೆ ಪ್ರತಿ ಡಿಸ್ಚಾರ್ಜ್ ಚೀಟಿಯ ಜೊತೆ ಹೋಗಲಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದಾಗ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ, ಅಂದರೆ ಡಿಇಐಸಿ, ಜಿಲ್ಲೆಗೊಂದು ಎಂದು ಹೇಳಿತು: ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ. ಈ ಕೇಂದ್ರಗಳ ಖಾಲಿ ಹುದ್ದೆಗಳನ್ನು ತುಂಬಿ. ಸೆರೆಬ್ರಲ್ ಪಾಲ್ಸಿಯನ್ನು ತಿದ್ದಿದ ವಯಸ್ಸಿನ ಐದನೇ ತಿಂಗಳೊಳಗೇ ಗುರುತಿಸುವ ವಿಧಾನಗಳಿವೆ. ಮೂರನೇ ತಿಂಗಳಲ್ಲಿ ಮಗು ಅಂಗಾತ ಮಲಗಿ ಆಡುವುದನ್ನು ಕೆಲವು ನಿಮಿಷ ವಿಡಿಯೋ ಮಾಡಿ, ಸಹಜ ಚಲನೆಯನ್ನು ತರಬೇತಿ ಪಡೆದವರು ನೋಡುವುದು ಅದರಲ್ಲೊಂದು. ಮಗುವಿನ ನರಮಂಡಲವನ್ನು ಪರೀಕ್ಷಿಸುವ ಹ್ಯಾಮರ್‌ಸ್ಮಿತ್ ಪರೀಕ್ಷೆ ಇನ್ನೊಂದು. ಅಂಗನವಾಡಿಯ ಮಟ್ಟಕ್ಕೆ ಮಗುವಿನ ಬೆಳವಣಿಗೆ ನೋಡಲು ತಿರುವನಂತಪುರದಲ್ಲಿ ರೂಪಿಸಿದ 17 ಅಂಶಗಳ ಸರಳ ಪಟ್ಟಿ ಸಾಕು. ಕಿವಿಗೆ ಒಎಇ ಪರೀಕ್ಷೆಯೊಂದೇ ಸಾಲದು. ಅದು ಒಳಗಿವಿಯನ್ನಷ್ಟೇ ನೋಡುತ್ತದೆ. ಜೋರು ಕಾಮಾಲೆ ಆಗಿದ್ದ ದಿನ ತುಂಬದ ಮಗುವಿನ ಶ್ರವಣ ನರದ ದೋಷ, ಸದ್ದಿನ ಸಂದೇಶ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವ ಬೆರಾ ಪರೀಕ್ಷೆಯಲ್ಲಷ್ಟೇ ಸಿಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮಲ್ಲಿರುವಾಗ ಜಿಲ್ಲೆಯ ಸಿಬ್ಬಂದಿಗೆ ಈ ತರಬೇತಿ ಕೊಡಿಸುವುದು ಕಷ್ಟವಾಗಬಾರದು. ಬಸ್ ಖರ್ಚು ಮತ್ತು ಒಂದು ದಿನದ ಕೂಲಿ ಕೈಗೆ ಸಿಕ್ಕರೆ ತಾಯಂದಿರು ಬರುತ್ತಾರೆ.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯಾವ ದೇಶದಲ್ಲೂ ಇಷ್ಟಿಲ್ಲ. ಅವರಲ್ಲಿ 32 ವಾರದೊಳಗಿನವರು ಚಿಕ್ಕ ಪಾಲು, ಹೆಸರು ಹಿಡಿದು ಗಮನಿಸಲು ಸಾಧ್ಯವಾಗುವಷ್ಟು ಚಿಕ್ಕದು.

ಮಾನ್ಯರೇ, ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದಿನ ಪರಿಶೀಲನಾ ಸಭೆಯಲ್ಲಿ ಎಸ್‌ಎನ್‌ಸಿಯುನಿಂದ ಎಷ್ಟು ಮಕ್ಕಳು ಬದುಕಿ ಹೊರಟರು ಎಂದು ತಾವು ಕೇಳಿಯೇ ಕೇಳುತ್ತೀರಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕೆಂದು ವಿನಂತಿ: ಅವರಲ್ಲಿ 32 ವಾರದೊಳಗೆ ಹುಟ್ಟಿದವರು ಎಷ್ಟು? ಅವರಲ್ಲಿ ಎಷ್ಟು ಮಕ್ಕಳ ತಲೆಯನ್ನು ತಿದ್ದಿದ ವಯಸ್ಸಿನ ಮೂರನೇ ತಿಂಗಳಲ್ಲಿ ಅಳೆದು ಬರೆಯಲಾಗಿದೆ?

ಇಂತಿ ತಮ್ಮ ವಿಶ್ವಾಸಿಗಳು,
ನವಜಾತ ಶಿಶು ಘಟಕಗಳಲ್ಲಿ ದುಡಿಯುವ ವೈದ್ಯರು, ನರ್ಸ್‌ಗಳು ಮತ್ತು ಥೆರಪಿಸ್ಟರು